ಕಿವಿ ಹಿಂಡುವ ನಲ್ಲಿಯೋ, ಕಣ್ಣು ಬಿಡುವ ನಲ್ಲಿಯೋ?

ನಮ್ಮ ಮನೆಯಲ್ಲಿ ಒಟ್ಟು ಹದಿನೇಳು ನಲ್ಲಿಗಳಿವೆ. ಈ ಲೆಕ್ಕ ನನಗೆ ಎಪ್ಪತ್ತಮೂರನೆಯ ವಯಸ್ಸಿನವರೆಗೂ ಗೊತ್ತಿರಲಿಲ್ಲ. ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಕೂತು, ಹತ್ತು ಪೈಸೆ ಟ್ಯಾಲಿ ಆಗದಿದ್ದರೆ ರಾತ್ರಿ ಎಂಟರವರೆಗೆ ಲೆಡ್ಜರ್ ತಿರುವಿ ಹಾಕುತ್ತಿದ್ದ ಬಿ.ಕಾಂ. ಪದವೀಧರ ನಾನು. ಆದರೆ ಸ್ವಂತ ಮನೆಯ ನಲ್ಲಿಗಳನ್ನು ಎಣಿಸುವ ಪ್ರಸಂಗ ಬಂದಿರಲೇ ಇಲ್ಲ. ಬಂದಿದ್ದು 2024ರ ಮಾರ್ಚಿಯಲ್ಲಿ.

ಆ ಬೇಸಿಗೆ ಬೆಂಗಳೂರಿನವರಿಗೆಲ್ಲ ನೆನಪಿರುತ್ತದೆ. ಬೋರ್‌ವೆಲ್‌ಗಳು ಒಂದೊಂದಾಗಿ ಬತ್ತಿದವು. ಟ್ಯಾಂಕರಿನವರು ಬಾಯಿಗೆ ಬಂದ ರೇಟು ಹೇಳತೊಡಗಿದಾಗ ಜಿಲ್ಲಾಡಳಿತ ಮಧ್ಯೆ ಬಂದು, ಐದು ಕಿಲೋಮೀಟರ್ ಒಳಗಾದರೆ 12,000 ಲೀಟರಿನ ಟ್ಯಾಂಕರಿಗೆ 1,000 ರೂಪಾಯಿ ಎಂದು ದರ ಗೊತ್ತು ಮಾಡಿತು. ದರವೇನೋ ಗೊತ್ತಾಯಿತು, ಟ್ಯಾಂಕರು ಯಾವಾಗ ಬರುತ್ತದೆ ಎಂಬುದು ಗೊತ್ತಾಗುತ್ತಿರಲಿಲ್ಲ. ನಮ್ಮದು ಕೆಳಗೊಂದು ಮೇಲೊಂದು ಮನೆ. ಕೆಳಗೆ ನಾವಿಬ್ಬರು, ಮೇಲೆ ಮಗ, ಸೊಸೆ, ಇಬ್ಬರು ಮಕ್ಕಳು. ಸಂಪಿನ ತಳದಲ್ಲಿದ್ದ ನೀರನ್ನೆಲ್ಲ ಒಂದು ಸಂಜೆ ಮೇಲಿನ ಟ್ಯಾಂಕಿಗೆ ಏರಿಸಿ, ಇನ್ನೆರಡು ದಿನಕ್ಕೆ ಚಿಂತೆಯಿಲ್ಲ ಎಂದು ಮಲಗಿದೆವು.

ಬೆಳಗ್ಗೆ ಏಳಕ್ಕೆ ಮೇಲಿನಿಂದ ಮೊಮ್ಮಗ ಕಿರುಚಿದ. ತಲೆಗೆ ಶಾಂಪೂ ಹಾಕಿಕೊಂಡಿದ್ದಾನೆ, ನಲ್ಲಿಯಲ್ಲಿ ಗಾಳಿ ಬರುತ್ತಿದೆ. ಹೋಗಿ ನೋಡಿದರೆ ಸಾವಿರ ಲೀಟರಿನ ಟ್ಯಾಂಕು ಖಾಲಿ. ಎಲ್ಲಿ ಸೋರಿತು ಎಂದು ಹುಡುಕಿದೆ. ನಮ್ಮ ಬಚ್ಚಲಿನ ವಾಷ್ ಬೇಸಿನ್ ನಲ್ಲಿ ಪೂರ್ತಿ ನಿಂತಿರಲಿಲ್ಲ. ರಾತ್ರಿಯಿಡೀ ಪೆನ್ಸಿಲ್ ದಪ್ಪದ ಧಾರೆ ಹರಿದಿತ್ತು. ರಾತ್ರಿ ಕೊನೆಯಲ್ಲಿ ಎದ್ದಿದ್ದವಳು ನನ್ನ ಶ್ರೀಮತಿ.

"ಅರವತ್ತೆಂಟು ವರ್ಷ ಆಯ್ತು, ಒಂದು ನಲ್ಲಿ ನಿಲ್ಲಿಸೋಕೆ ಬರಲ್ವಾ ನಿನಗೆ?" ಎಂದೆ. ಮಗ, ಸೊಸೆ, ಮಕ್ಕಳು ಎಲ್ಲರೂ ಇದ್ದರು. ದನಿ ಸ್ವಲ್ಪ ಜೋರಾಗಿಯೇ ಇತ್ತು. ಆಕೆ ಏನೂ ಹೇಳಲಿಲ್ಲ. ಕಾಫಿ ತಂದುಕೊಟ್ಟಳು, ಅಷ್ಟೆ.

ನಾಲ್ಕು ದಿನ ಕಳೆದ ಮೇಲೆ, ಉಪ್ಪಿನಕಾಯಿ ಬಾಟಲಿಯ ಮುಚ್ಚಳವನ್ನು ಸೆರಗಿನಲ್ಲಿ ಸುತ್ತಿ, ಎರಡೂ ಅಂಗೈಗಳ ಮಧ್ಯೆ ಇಟ್ಟುಕೊಂಡು ಒದ್ದಾಡುತ್ತಿದ್ದದ್ದನ್ನು ಕಂಡೆ. ಮೊಮ್ಮಗಳು ಬಂದು "ಕೊಡಜ್ಜಿ" ಎಂದು ತೆಗೆದುಕೊಟ್ಟಳು. ಅದು ಅವರಿಬ್ಬರ ನಡುವೆ ನಿತ್ಯದ ವ್ಯವಹಾರ ಎಂಬಂತಿತ್ತು. ಆಮೇಲೆ ಅವಳ ಕೈ ಹಿಡಿದು ನೋಡಿದೆ. ಬೆರಳಿನ ಗಿಣ್ಣುಗಳು ಊದಿಕೊಂಡಿದ್ದವು. ಬೆಳಗ್ಗೆ ಎದ್ದರೆ ಒಂದು ಗಂಟೆ ಬೆರಳು ಮಡಚಲು ಆಗುವುದಿಲ್ಲವಂತೆ. ಬಚ್ಚಲಿನ ನಲ್ಲಿಗೆ ಒದ್ದೆ ಟವೆಲ್ ಸುತ್ತಿ ತಿರುಗಿಸುತ್ತಿದ್ದಳಂತೆ, ಆರು ತಿಂಗಳಿಂದ.

"ಹೇಳಬಾರದಾಗಿತ್ತಾ?" ಎಂದೆ.

"ಹೇಳಿದ್ರೆ ನೀವೇನು ರಾತ್ರಿ ಎರಡು ಗಂಟೆಗೆ ನನ್ನ ಜೊತೆ ಬಚ್ಚಲಿಗೆ ಬರ್ತಿದ್ರಾ?"

ವೈದ್ಯರು ಸಂಧಿವಾತ ಎಂದರು, ಮಾತ್ರೆ ಬರೆದುಕೊಟ್ಟರು. ಹಾಗೇ ಬಿಸಿನೀರಿನಲ್ಲಿ ಕೈ ಇಡಿ, ಬೆರಳಿಂದ ಬಿಗಿಯಾಗಿ ತಿರುಚುವ ಕೆಲಸ ಕಡಿಮೆ ಮಾಡಿ ಎಂದರು. ಮನೆಗೆ ಬಂದು ನಾನು ನಲ್ಲಿಗಳನ್ನು ಎಣಿಸಿದೆ. ಹದಿನೇಳರಲ್ಲಿ ಹದಿನಾಲ್ಕು ತಿರುಚುವ ನಲ್ಲಿಗಳೇ, 1991ರಲ್ಲಿ ಮನೆ ಕಟ್ಟಿದಾಗ ಹಾಕಿಸಿದವು.

ಪರಿಚಯದ ಪ್ಲಂಬರ್ ಒಂದು ಹಳೆ ನಲ್ಲಿಯನ್ನು ಬಿಚ್ಚಿ ನನ್ನ ಕೈಗಿಟ್ಟ. ಮೇಲೆ ನಾವು ಹಿಡಿಯುವ ಕಿವಿ, ಅದರ ಕೆಳಗೆ ಮರೆಯಿರುವ ಕಡ್ಡಿ, ಅದೇ ಸ್ಪಿಂಡಲ್ಲು, ತುದಿಯಲ್ಲಿ ಎಂಟಾಣೆ ಅಗಲದ ರಬ್ಬರ್ ವಾಷರು. ತಿರುಗಿಸಿದಂತೆ ಕಡ್ಡಿ ಇಳಿದು ವಾಷರನ್ನು ತೂತಿನ ಮೇಲೆ ಅದುಮುತ್ತದೆ, ನೀರು ನಿಲ್ಲುತ್ತದೆ. ವಾಷರು ಸವೆದರೆ ತೊಟ್ಟಿಕ್ಕುತ್ತದೆ. ತೊಟ್ಟಿಕ್ಕಿದರೆ ನಾವು ಇನ್ನಷ್ಟು ಬಿಗಿಯುತ್ತೇವೆ. ಬಿಗಿದಷ್ಟೂ ವಾಷರು ಬೇಗ ಸವೆಯುತ್ತದೆ. "ಸಾರ್, ನಿಮ್ಮ ಕೈಗೆ ಬಲ ಇದೆ, ನೀವು ಬಿಗೀತೀರಿ. ನಿಮ್ಮ ಕೈಯಿಂದ ಬಿಗಿದದ್ದನ್ನ ಅಮ್ಮ ಬಿಚ್ಚಬೇಕು, ಆಮೇಲೆ ಅಷ್ಟೇ ಬಿಗೀಬೇಕು. ಎಲ್ಲಿಂದ ಆಗ್ತದೆ?" ಎಂದ. ಆ ಮಾತು ನನಗೆ ನಾಟಿತು. ವಾಷರು ಬದಲಾಯಿಸದೆ ಬಿಗಿಯುತ್ತಾ ಬಂದವನು ನಾನೇ.

ಮಕ್ಕಳಿಗೆ ಇಲ್ಲೊಂದು ಲೆಕ್ಕ ಕೊಡುತ್ತೇನೆ, ರಜೆಯಲ್ಲಿ ನೀವೂ ಮಾಡಿ. ಸೆಕೆಂಡಿಗೆ ಒಂದು ಹನಿಯಂತೆ ತೊಟ್ಟಿಕ್ಕುತ್ತಿದ್ದ ಒಂದು ನಲ್ಲಿಯ ಕೆಳಗೆ ರಾತ್ರಿ ಹತ್ತಕ್ಕೆ ಪಾತ್ರೆ ಇಟ್ಟೆ. ಬೆಳಗ್ಗೆ ಆರಕ್ಕೆ ಅಳೆದಾಗ 1,400 ಮಿಲಿಲೀಟರ್ ಸಿಕ್ಕಿತು. ಎಂಟು ಗಂಟೆಗೆ ಇಷ್ಟಾದರೆ ದಿನಕ್ಕೆ 4.2 ಲೀಟರ್, ವರ್ಷಕ್ಕೆ 1,533 ಲೀಟರ್. ನಮ್ಮ ಟ್ಯಾಂಕು ಒಂದೂವರೆ ಸಲ ತುಂಬುವಷ್ಟು! ಈ ನೀರಿನಲ್ಲಿ ಕಾವೇರಿಯ ಪಾಲೂ ಇದೆ. ಆ ನೀರು ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ, ಸುಮಾರು ಐನೂರು ಮೀಟರ್ ಎತ್ತರಕ್ಕೆ ಪಂಪಿನಲ್ಲಿ ಏರಿ ಬರುತ್ತದೆ. ಅಷ್ಟು ಕಷ್ಟಪಟ್ಟು ಏರಿ ಬಂದದ್ದು ನಮ್ಮ ಬೇಸಿನ್ನಿನಲ್ಲಿ ಟಪ್ ಟಪ್ ಎಂದು ಮೋರಿಗೆ ಹೋಗುತ್ತಿತ್ತು.

ಮಗನಿಗೆ ವಿಷಯ ಗೊತ್ತಾದದ್ದೇ ತಡ, "ಅಪ್ಪಾ, ಎಲ್ಲಾ ಕಡೆ ಸೆನ್ಸರ್ ನಲ್ಲಿ ಹಾಕಿಸಿಬಿಡೋಣ. ಅಮ್ಮ ಮುಟ್ಟೋದೇ ಬೇಡ" ಎಂದ. ವಿಮಾನ ನಿಲ್ದಾಣದಲ್ಲಿ, ಮಾಲ್‌ಗಳಲ್ಲಿ ನೀವು ನೋಡಿರುತ್ತೀರಿ. ಕೈ ಒಡ್ಡಿದರೆ ನೀರು, ತೆಗೆದರೆ ಬಂದ್. ನನಗೆ ಅದರ ಮೇಲೆ ಹಳೆಯ ಅಪನಂಬಿಕೆ. ಎಷ್ಟೋ ಕಡೆ ಅದರ ಮುಂದೆ ಕೈ ಮುಗಿದು, ಬೀಸಿ, ಕುಣಿದು, ಕೊನೆಗೆ ಪಕ್ಕದವರ ನಲ್ಲಿಯಲ್ಲಿ ಕೈ ತೊಳೆದವನು ನಾನು. ಆದರೂ ಅದು ಕೆಲಸ ಮಾಡುವುದು ಹೇಗೆಂದು ಈ ಸಲ ಕೂತು ತಿಳಿದುಕೊಂಡೆ.

ನಲ್ಲಿಯ ಕತ್ತಿನ ಹತ್ತಿರ ಒಂದು ಕಪ್ಪು ಗಾಜಿನ ಚುಕ್ಕೆ ಇರುತ್ತದೆ. ಅದೇ ಕಣ್ಣು. ಅದರೊಳಗಿನ ಪುಟ್ಟ ದೀಪ ನಮಗೆ ಕಾಣದ ಬೆಳಕನ್ನು, ಅಂದರೆ ಅವಕೆಂಪು ಕಿರಣವನ್ನು, ಬಿಡುತ್ತಿರುತ್ತದೆ. ನಿಮ್ಮ ಟಿ.ವಿ. ರಿಮೋಟಿನ ಮೂತಿಯಲ್ಲಿರುವುದೂ ಅದೇ ಜಾತಿಯ ಬೆಳಕು. ರಿಮೋಟಿನ ಗುಂಡಿ ಒತ್ತಿ ಕೆಲವು ಮೊಬೈಲುಗಳ ಕ್ಯಾಮೆರಾದಲ್ಲಿ ನೋಡಿದರೆ ಮಿನುಗುವುದು ಕಾಣುತ್ತದೆ. ಕೈ ಅಡ್ಡ ಬಂದಾಗ ಆ ಬೆಳಕು ಕೈಗೆ ತಗುಲಿ ವಾಪಸು ಬರುತ್ತದೆ. ಕಣ್ಣಿನ ಪಕ್ಕದಲ್ಲಿರುವ ಇನ್ನೊಂದು ಭಾಗ ಅದನ್ನು ಗುರುತಿಸಿ, ಕೆಳಗಿನ ವಿದ್ಯುತ್ ವಾಲ್ವಿಗೆ 'ತೆಗಿ' ಎನ್ನುತ್ತದೆ. ಕೈ ಹೋದರೆ 'ಮುಚ್ಚು'. ಸೆಲ್ಲಿನಿಂದ ನಡೆಯುವ ನಲ್ಲಿಗಳಲ್ಲಿ ತೆಗೆಯುವ ಕ್ಷಣಕ್ಕೊಮ್ಮೆ, ಮುಚ್ಚುವ ಕ್ಷಣಕ್ಕೊಮ್ಮೆ ಮಾತ್ರ ವಾಲ್ವಿಗೆ ಕರೆಂಟು ಬೇಕು. ಆದ್ದರಿಂದ ನಾಲ್ಕು ಸಣ್ಣ ಸೆಲ್ಲುಗಳು ಬಹಳ ಕಾಲ ಬಾಳುತ್ತವೆ. ಮನೆಯಲ್ಲಿ ಕರೆಂಟು ಹೋದರೂ ನೀರು ಬರುತ್ತದೆ.

ನಾನು ಅಂಗಡಿಗೆ ಹೋಗಿ ಎರಡು ಕ್ಯಾಟಲಾಗ್ ತಂದೆ. ಒಳ್ಳೆಯ ಸೆನ್ಸರ್ ನಲ್ಲಿಗೆ 6,800 ರೂಪಾಯಿ, ಲಿವರ್ ಇರುವ ಮಾಮೂಲಿ ನಲ್ಲಿಗೆ 1,400 ಎಂದು ಅಂಗಡಿಯವರು ಹೇಳಿದ್ದರು. ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು ನಾನೂ ಮಗನೂ ಗಂಭೀರವಾಗಿ ಚರ್ಚಿಸುತ್ತಿದ್ದಾಗ ಶ್ರೀಮತಿ ಅನ್ನ ಬಡಿಸುತ್ತಾ, "ಕೈ ನಂದು. ನಲ್ಲಿ ನೋಡೋಕೆ ನೀವು ಹೋಗಿದ್ರಾ?" ಎಂದಳು. ನಮ್ಮಿಬ್ಬರಿಗೂ ಉತ್ತರ ಹೊಳೆಯಲಿಲ್ಲ.

ಮರುದಿನ ಅವಳನ್ನೇ ಕರೆದುಕೊಂಡು ಹೋದೆವು. ತನ್ನ ಸ್ಟೀಲಿನ ಚೊಂಬನ್ನೂ ಮೊಮ್ಮಗನ ಕಪ್ಪು ನೀರಿನ ಬಾಟಲಿಯನ್ನೂ ಚೀಲದಲ್ಲಿ ಹಾಕಿಕೊಂಡು ಹೊರಟಾಗ ನನಗೆ ನಗು ಬಂತು. ಅಂಗಡಿಯಲ್ಲಿ ನಗುವ ಸರದಿ ಅವಳದಾಯಿತು. ಅಲ್ಲಿ ಪ್ರದರ್ಶನಕ್ಕೆಂದು ನೀರು ಬರುವ ಹಾಗೆ ಜೋಡಿಸಿದ್ದ ಸೆನ್ಸರ್ ನಲ್ಲಿಗೆ ಕೈ ಒಡ್ಡಿದಳು, ನೀರು ಬಂತು. ಚೊಂಬು ಒಡ್ಡಿದಳು, ಬಂತು. ಕಪ್ಪು ಬಾಟಲಿ ಒಡ್ಡಿದಳು, ನಲ್ಲಿ ಸುಮ್ಮನಿತ್ತು. ಕಪ್ಪು ಬಣ್ಣ ಬೆಳಕನ್ನು ಹೀರಿಕೊಳ್ಳುವುದರಿಂದ ವಾಪಸು ಬರುವುದು ಸಾಲದು, ಕಣ್ಣಿಗೆ ಗೊತ್ತಾಗುವುದಿಲ್ಲ. ಅಂಗಡಿಯ ಹುಡುಗನೇ ಇದನ್ನು ಮೊದಲ ಸಲ ನೋಡಿದ್ದಂತೆ.

"ಬಕೆಟ್ ತುಂಬಿಸೋಕೆ?" ಎಂದು ಕೇಳಿದಳು. ಹುಡುಗ ತಲೆ ಕೆರೆದುಕೊಂಡ. ನಮ್ಮ ಬಚ್ಚಲಿನ ಅಸಲು ಪ್ರಶ್ನೆ ಇದೇ ನೋಡಿ. ಜಾಹೀರಾತಿನ ಬಚ್ಚಲಿನಲ್ಲಿ ಒಂದು ಬೇಸಿನ್, ಒಂದು ಕನ್ನಡಿ, ಒಂದು ಹೂಕುಂಡ. ನಮ್ಮದರಲ್ಲಿ ಬಕೆಟ್ಟು, ಮಗ್ಗು, ನೆನೆಹಾಕಿದ ಬಟ್ಟೆ, ಹಲ್ಲಿನ ಸೆಟ್ಟು ಇಡುವ ಬಟ್ಟಲು. ಸ್ನಾನಕ್ಕೆ ಇಪ್ಪತ್ತು ಲೀಟರಿನ ಬಕೆಟ್ ತುಂಬಿಸುವ ನಲ್ಲಿಗೆ ಕಣ್ಣು ಇಟ್ಟು ಪ್ರಯೋಜನವಿಲ್ಲ. ಅಷ್ಟು ಹೊತ್ತು ಯಾರು ಅದರ ಮುಂದೆ ಕೈ ಒಡ್ಡಿಕೊಂಡು ನಿಲ್ಲುತ್ತಾರೆ? ಸೆನ್ಸರ್ ಏನಿದ್ದರೂ ಕೈ ತೊಳೆಯುವ ಬೇಸಿನ್ನಿಗೆ. ಅಲ್ಲೂ ಬಿಸಿನೀರು ತಣ್ಣೀರು ಎಷ್ಟು ಬೆರೆಯಬೇಕು ಎಂಬುದನ್ನು ಹಲವು ಮಾದರಿಗಳಲ್ಲಿ ಬೇಸಿನ್ನಿನ ಕೆಳಗೆ ಮೊದಲೇ ಹೊಂದಿಸಿಡಬೇಕು. ಬೆಳಗ್ಗೆ ಬಿಸಿನೀರು, ಮಧ್ಯಾಹ್ನ ತಣ್ಣೀರು ಬೇಕೆನ್ನುವವರು ಪ್ರತಿ ಸಲ ಬಗ್ಗಬೇಕು.

ಆಮೇಲೆ ಲಿವರ್ ನಲ್ಲಿಗಳ ಸರದಿ. ಇವುಗಳ ಒಳಗೆ ವಾಷರ್ ಬದಲು ಎರಡು ಪಿಂಗಾಣಿ ಬಿಲ್ಲೆಗಳು ಒಂದರ ಮೇಲೊಂದು ಕೂತಿರುತ್ತವೆ. ಎರಡರಲ್ಲೂ ತೂತು. ಹಿಡಿಯನ್ನು ಕಾಲು ಸುತ್ತು ತಳ್ಳಿದರೆ ತೂತಿಗೆ ತೂತು ಸೇರಿ ನೀರು. ವಾಪಸು ತಳ್ಳಿದರೆ ಬಂದ್. ಬಿಗಿಯುವ ಪ್ರಶ್ನೆಯೇ ಇಲ್ಲ. ಬೆರಳೂ ಬೇಡ, ಅಂಗೈಯ ಹಿಂಭಾಗದಿಂದ ತಳ್ಳಿದರೆ ಸಾಕು. ಅಂಗಡಿಯ ಮೂಲೆಯಲ್ಲಿ ಆಸ್ಪತ್ರೆಗಳಿಗೆಂದು ಇಟ್ಟಿದ್ದ ಉದ್ದ ಹಿಡಿಯ ನಲ್ಲಿಯೂ ಇತ್ತು, ಡಾಕ್ಟರುಗಳು ಮೊಣಕೈಯಿಂದ ತಳ್ಳುವಂಥದ್ದು. ಶ್ರೀಮತಿ ಅದನ್ನು ಮೊಣಕೈಯಿಂದ ಒಮ್ಮೆ, ಮಣಿಕಟ್ಟಿನಿಂದ ಒಮ್ಮೆ, ಕಿರುಬೆರಳಿನಿಂದ ಒಮ್ಮೆ ತಳ್ಳಿ ನೋಡಿದಳು. "ಇದು" ಎಂದಳು. ರೈಲಿನಲ್ಲಿರುವಂಥ ಒತ್ತುವ ನಲ್ಲಿಯನ್ನೂ ಹುಡುಗ ತೋರಿಸಿದ. ಒತ್ತಿ ಹಿಡಿದಷ್ಟು ಹೊತ್ತು ನೀರು! ನೋಯುವ ಬೆರಳಿನವರಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ.

ಮಗನ ಉತ್ಸಾಹ ಇಳಿದಿರಲಿಲ್ಲ. ಕೊನೇ ಪಕ್ಷ ಮೇಲಿನ ಮನೆಗೆ ಸೆನ್ಸರ್ ಬೇಕೆಂದ. ಆಗ ನಾನು ಪೆಟ್ಟಿಗೆಯೊಳಗಿನ ಸೂಚನಾ ಪತ್ರವನ್ನು ಓದಿದೆ. ಸಾಲದ ಅರ್ಜಿಗಳ ಸಣ್ಣ ಅಕ್ಷರ ಓದಿ ಓದಿ ಬಂದ ಅಭ್ಯಾಸ ಇದು. ನೀರಿನ ಒತ್ತಡ ಕನಿಷ್ಠ 0.5 ಬಾರ್ ಇರಬೇಕು ಎಂದಿತ್ತು. ಹತ್ತು ಮೀಟರ್ ಎತ್ತರದ ನೀರು ಹೆಚ್ಚುಕಡಿಮೆ ಒಂದು ಬಾರ್ ಒತ್ತಡ ಕೊಡುತ್ತದೆ, ಐದು ಮೀಟರ್ ಎತ್ತರದ್ದು ಅರ್ಧ. ನಮ್ಮ ತಾರಸಿಯ ಟ್ಯಾಂಕಿನಿಂದ ಕೆಳಮನೆಯ ಬೇಸಿನ್ನಿಗೆ ಟೇಪು ಹಿಡಿದು ಅಳೆದರೆ ಆರು ಮೀಟರಿಗೆ ಮೇಲೆ. ಸರಿ, ನಡೆಯುತ್ತದೆ. ಮೇಲಿನ ಮನೆಗೆ ಮೂರೇ ಮೀಟರ್, 0.3 ಬಾರ್. ಅಲ್ಲಿ ವಾಲ್ವು ಸರಿಯಾಗಿ ಕೂರುವುದಿಲ್ಲ, ನೀರು ತಡೆತಡೆದು ಬರಬಹುದು, ಇಲ್ಲವೇ ನಿಲ್ಲದೇ ಇರಬಹುದು. ಬೇಕೇ ಬೇಕೆಂದರೆ ಒತ್ತಡ ಹೆಚ್ಚಿಸುವ ಪಂಪು ಹಾಕಿಸಬೇಕು. ಸೆನ್ಸರ್ ಬೇಕೆಂದವನ ಮನೆಯಲ್ಲಿ ಅದು ನಡೆಯುವುದಿಲ್ಲ, ಬೇಡವೆಂದವರ ಮನೆಯಲ್ಲಿ ನಡೆಯುತ್ತದೆ! ಒಂದಂತಸ್ತಿನ ಮನೆಯಿದ್ದು, ತಾರಸಿಯ ಮೇಲೆ ಟ್ಯಾಂಕು ಇಟ್ಟವರು ದುಡ್ಡು ಕೊಡುವ ಮೊದಲು ಈ ಎತ್ತರವನ್ನು ಒಮ್ಮೆ ಅಳೆದುಕೊಳ್ಳಿ. ಅಂಗಡಿಯಲ್ಲಿ ಪಂಪಿನ ನೀರಿಗೆ ಚೆನ್ನಾಗಿ ಬಂದದ್ದು ಮನೆಯಲ್ಲೂ ಹಾಗೇ ಬರುತ್ತದೆಂದು ನಂಬಬೇಡಿ.

ಬೋರ್‌ವೆಲ್ ನೀರಿನ ಗಡಸೂ ಒಂದು ತೊಂದರೆ. ನಮ್ಮ ಬಕೆಟ್ಟುಗಳ ಅಂಚಿನಲ್ಲಿ ಕೂರುವ ಬಿಳಿ ಸುಣ್ಣ, ವಿದ್ಯುತ್ ವಾಲ್ವಿನೊಳಗಿನ ಸೂಜಿಮೊನೆಯಷ್ಟು ತೂತಿನಲ್ಲೂ ಕೂರುತ್ತದೆ. ಒಳಬರುವ ನೀರಿಗೆ ಒಂದು ಸಣ್ಣ ಜಾಲರಿ ಇರುತ್ತದೆ, ಅದನ್ನು ಆಗಾಗ ಬಿಚ್ಚಿ ತೊಳೆಯಬೇಕು. ಪಿಂಗಾಣಿ ಬಿಲ್ಲೆಯ ನಲ್ಲಿಯೂ ಮರಳು ಬಂದರೆ ಗೀರಿಹೋಗುತ್ತದೆ ಎನ್ನಿ. ಆಗ ಒಳಗಿನ ಗುಂಡನ್ನೇ ಬದಲಾಯಿಸಬೇಕು, ವಾಷರಿನಂತೆ ಪುಡಿಗಾಸಿಗೆ ಮುಗಿಯುವುದಿಲ್ಲ.

ಶುಚಿತ್ವದ ಮಾತಿಗೆ ಬಂದರೆ ಸೆನ್ಸರಿಗೆ ಒಂದು ನ್ಯಾಯವಾದ ಅಂಕ ಕೊಡಬೇಕು. ಕೊಳೆ ಕೈಯಿಂದ ನಲ್ಲಿ ತಿರುಗಿಸುತ್ತೇವೆ, ಸೋಪು ಹಾಕಿ ತೊಳೆದ ಕೈಯಿಂದ ಅದೇ ಕೊಳೆಯ ಕಿವಿಯನ್ನು ಮತ್ತೆ ಮುಟ್ಟುತ್ತೇವೆ. ಕೊರೊನಾ ಕಾಲದಲ್ಲಿ ಎಲ್ಲರಿಗೂ ಇದು ಅರಿವಾಯಿತು. ಆದರೆ ಮುಟ್ಟದ ನಲ್ಲಿಯೆಂದರೆ ರೋಗಾಣುವೇ ಇಲ್ಲ ಎಂದಲ್ಲ. ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ನಡೆಸಿದ ಪರೀಕ್ಷೆಯ ಫಲಿತಾಂಶ 2011ರಲ್ಲಿ ಹೊರಬಂತು. ಲೀಜನೆಲ್ಲ ಎಂಬ ಬ್ಯಾಕ್ಟೀರಿಯಾ ಹಳೆಯ ಮಾದರಿಯ ನಲ್ಲಿಗಳಿಗಿಂತ ಎಲೆಕ್ಟ್ರಾನಿಕ್ ನಲ್ಲಿಗಳ ನೀರಿನಲ್ಲೇ ಹೆಚ್ಚಾಗಿ ಸಿಕ್ಕಿತ್ತು. ಒಳಗಿನ ಹೆಚ್ಚುವರಿ ವಾಲ್ವು, ಬಿಡಿಭಾಗಗಳಲ್ಲಿ ಅದು ಮನೆ ಮಾಡಿಕೊಳ್ಳುತ್ತದೆ ಎಂಬುದು ಅವರ ಅಂದಾಜು. ಅದು ನಿತ್ರಾಣಗೊಂಡ ರೋಗಿಗಳಿರುವ ಜಾಗದ ಮಾತು, ಮನೆಯವರು ಹೆದರಬೇಕಾಗಿಲ್ಲ. ಆದರೂ ದುಬಾರಿಯಾದದ್ದು ತಾನಾಗಿಯೇ ಶುದ್ಧ ಎಂದುಕೊಂಡಿದ್ದ ನನಗೆ ಇದು ಹೊಸ ಸುದ್ದಿ.

ಕೊನೆಗೆ ಆದ ತೀರ್ಮಾನ ಹೀಗೆ. ನಮ್ಮ ಬಚ್ಚಲಿನ ಬೇಸಿನ್ನಿಗೂ ಬಕೆಟ್ಟಿನ ನಲ್ಲಿಗೂ ಅಡುಗೆಮನೆಗೂ ಉದ್ದ ಹಿಡಿಯ ಲಿವರ್ ನಲ್ಲಿಗಳು. ಊಟದ ಕೋಣೆಯ ಹೊರಗಿನ ಬೇಸಿನ್ನಿಗೆ ಒಂದೇ ಒಂದು ಸೆನ್ಸರ್ ನಲ್ಲಿ, ಆಟದಿಂದ ಬರುವ ಮಕ್ಕಳ ಮಣ್ಣಿನ ಕೈಗೆ. ಉಳಿದವುಗಳನ್ನು ನಿಧಾನವಾಗಿ ಬದಲಾಯಿಸುವುದು. ಅಂಗಡಿಯ ಕ್ಯಾಷ್ ಕೌಂಟರಿನ ಮುಂದೆ, ಮಗ ಸೊಸೆ ಇಬ್ಬರೂ ಇದ್ದಾಗಲೇ, "ಅವತ್ತು ಹಾಗೆ ಬೈದದ್ದು ನನ್ನ ತಪ್ಪು" ಎಂದೆ. "ಹ್ಞೂಂ. ಬಿಲ್ ತಗೊಳ್ಳಿ, ವಾರಂಟಿ ಕಾರ್ಡ್ ಮರೀಬೇಡಿ" ಎಂದಳು ಶ್ರೀಮತಿ.

ನೀರಿನ ಲೆಕ್ಕಕ್ಕೆಂದು ನಾನೊಂದು ನೋಟುಪುಸ್ತಕ ಇಟ್ಟೆ. ಹಳೆಯ ಬೇಸಿನ್ ನಲ್ಲಿಯನ್ನು ಪೂರ್ತಿ ತಿರುಗಿಸಿದರೆ ಒಂದು ಲೀಟರಿನ ಮಗ್ಗು 8 ಸೆಕೆಂಡಿನಲ್ಲಿ ತುಂಬುತ್ತಿತ್ತು. ನಿಮಿಷಕ್ಕೆ ಏಳೂವರೆ ಲೀಟರ್. ಮೊಮ್ಮಗ ನಲ್ಲಿ ಬಿಟ್ಟುಕೊಂಡೇ ಎರಡು ನಿಮಿಷ ಹಲ್ಲುಜ್ಜುತ್ತಿದ್ದ. ಹದಿನೈದು ಲೀಟರ್! ಮಗ್ಗಿನಲ್ಲಿ ಹಿಡಿದುಕೊಂಡು ಬಾಯಿ ಮುಕ್ಕಳಿಸಿದರೆ ಅರ್ಧ ಲೀಟರ್ ಸಾಕು. ಸೆನ್ಸರ್ ಬಂದ ಮೇಲೆ ಸೋಪು ಉಜ್ಜುವ ಹೊತ್ತಿನ ನೀರು ಖಂಡಿತ ಉಳಿಯಿತು, ಏಕೆಂದರೆ ಕೈ ಹಿಂದೆ ತೆಗೆದರೆ ಅದು ನಿಲ್ಲುತ್ತದೆ. ಆದರೆ ಮಕ್ಕಳು ಬುದ್ಧಿವಂತರು. ಮುಂದೆ ಒಂದು ಕೈ ಇಟ್ಟು ಇನ್ನೊಂದರಲ್ಲಿ ಆಟವಾಡುವುದನ್ನು ಒಂದೇ ದಿನದಲ್ಲಿ ಕಲಿತರು. ನಮ್ಮ ನಲ್ಲಿ ಒಂದು ನಿಮಿಷವಾದ ಮೇಲೆ ತಾನೇ ಮುಚ್ಚಿಕೊಳ್ಳುತ್ತದೆ, ಅದೊಂದು ಪುಣ್ಯ.

ನಿಜವಾಗಿ ವ್ಯತ್ಯಾಸ ಮಾಡಿದ್ದು ಬೇರೆಯೇ ಒಂದು ವಸ್ತು. ಆ ಬೇಸಿಗೆಯಲ್ಲಿ ಜಲಮಂಡಳಿ ಹೋಟೆಲು, ಅಪಾರ್ಟ್‌ಮೆಂಟು, ವಾಣಿಜ್ಯ ಕಟ್ಟಡಗಳ ನಲ್ಲಿಗಳಿಗೆ ಏರೇಟರ್ ಕಡ್ಡಾಯ ಮಾಡಿತ್ತು. ನಮ್ಮಂಥ ಮನೆಗಳಿಗೆ ಕಡ್ಡಾಯವಿರಲಿಲ್ಲ, ಆದರೂ ತಂದೆ. ನಲ್ಲಿಯ ಬಾಯಿಗೆ ತಿರುಗಿಸಿ ಕೂರಿಸುವ ಪುಟ್ಟ ಜಾಲರಿ ಅದು. ನೀರಿಗೆ ಗಾಳಿ ಬೆರೆಸಿ ನೊರೆಯಂತೆ ಬಿಡುತ್ತದೆ. ಕೈಗೆ ನೀರು ಕಡಿಮೆಯೆನಿಸುವುದಿಲ್ಲ. ಅದನ್ನು ಹಾಕಿದ ಮೇಲೆ ಅದೇ ಮಗ್ಗು ತುಂಬಲು 20 ಸೆಕೆಂಡು ಹಿಡಿಯಿತು. ಅಂದರೆ ನಿಮಿಷಕ್ಕೆ ಮೂರು ಲೀಟರ್. ನಮ್ಮ ಮನೆಯ ಪುಸ್ತಕದ ಪ್ರಕಾರ ಹೆಚ್ಚು ನೀರು ಉಳಿಸಿದ್ದು ನಲ್ಲಿಯ ಬಾಯಿ. ಕಣ್ಣಿಗೆ ಎರಡನೆಯ ಸ್ಥಾನ. ಬಕೆಟ್ ತುಂಬಿಸುವ ನಲ್ಲಿಗೆ ಮಾತ್ರ ಇದನ್ನು ಹಾಕಬೇಡಿ. ಬಕೆಟ್ಟಿಗೆ ಬೇಕಾದ ನೀರು ಬಕೆಟ್ಟಿನಷ್ಟೇ, ನಿಮಗೆ ಕಾಯುವ ಕೆಲಸ ಹೆಚ್ಚು.

ಸೆಲ್ಲು ಬದಲಾಯಿಸುವ ಖಾತೆಯನ್ನು ಮೊಮ್ಮಗಳು ವಹಿಸಿಕೊಂಡಿದ್ದಾಳೆ. ಸೆಲ್ಲು ಮುಗಿಯುತ್ತಾ ಬಂದರೆ ಕಣ್ಣಿನ ಹತ್ತಿರ ಕೆಂಪು ದೀಪ ಮಿಟುಕುತ್ತದೆ. ಅದನ್ನು ಮೊದಲು ಕಂಡವರಿಗೆ ಐದು ರೂಪಾಯಿ ಎಂದು ನಾನು ಘೋಷಿಸಿದ್ದೇನೆ. ಶ್ರೀಮತಿಯ ಬೆರಳುಗಳು ಮಾತ್ರೆಯಿಂದ ಸ್ವಲ್ಪ ವಾಸಿ, ಪೂರ್ತಿಯಲ್ಲ. ರಾತ್ರಿ ಅವಳು ಎದ್ದರೆ ನನಗೂ ಎಚ್ಚರವಾಗುತ್ತದೆ. ಬಚ್ಚಲಿನಿಂದ ಹಿಡಿ ವಾಪಸು ತಳ್ಳಿದ 'ಟಕ್' ಶಬ್ದ ಕೇಳಿದ ಮೇಲೆ ನಿದ್ದೆ ಬರುತ್ತದೆ.

ಹಿತ್ತಲಿನ ಹಿತ್ತಾಳೆ ನಲ್ಲಿಯನ್ನು ಮಾತ್ರ ಹಾಗೇ ಬಿಟ್ಟಿದ್ದೇವೆ. "ಗಿಡಕ್ಕೆ ನೀರು ಬಿಡೋದು ನೀವು ತಾನೇ, ಅದರ ಕಿವಿ ನೀವೇ ಹಿಂಡಿ" ಎಂದಳು. ಪ್ಲಂಬರನಿಂದ ವಾಷರ್ ಹಾಕುವುದನ್ನು ಕಲಿತು, ಕಳೆದ ತಿಂಗಳು ನಾನೇ ಬದಲಾಯಿಸಿದೆ. ಮೇಲಿನ ಗೇಟ್ ವಾಲ್ವ್ ಮುಚ್ಚುವುದನ್ನು ಮರೆತು ಸ್ಪಿಂಡಲ್ ಬಿಚ್ಚಿದ್ದರಿಂದ ನೀರು ಕಾರಂಜಿಯಂತೆ ಚಿಮ್ಮಿ, ಕನ್ನಡಕದ ಸಮೇತ ನನಗೆ ಸ್ನಾನವಾಯಿತು. ಮಕ್ಕಳಿಬ್ಬರೂ ಮೇಲಿನಿಂದ ನೋಡಿ ಚಪ್ಪಾಳೆ ತಟ್ಟಿದರು. ಆ ನೀರಿನ ಲೆಕ್ಕವನ್ನು ನೋಟುಪುಸ್ತಕಕ್ಕೆ ಇನ್ನೂ ಏರಿಸಿಲ್ಲ.